ಮೈನೆರೆಯುವ ಮುನ್ನ ತಿಳಿಯಬೇಕಾದುದು

ಪ್ರಜನನಾರೋಗ್ಯದ ವಿಷಯವನ್ನು ಶಾಲೆಯಲ್ಲಿ ಬೋಧಿಸಿದರೆ ಮಕ್ಕಳು ಹೊತ್ತಿಗೆ ಮೊದಲೇ ದಾರಿ ತಪ್ಪುವುದಿಲ್ಲವೆ ಎಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ತಾಯಿತಂದೆಗಳು ಕೇಳಿದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ; ಮಕ್ಕಳ ಶ್ರೇಯಸ್ಸನ್ನು ಬಯಸುವ ಯಾರಿಗಾದರೂ ಹುಟ್ಟುವ ಆತಂಕವಿದು. ಆದರೆ ಉತ್ತರವನ್ನು ನೀತಿಶಾಸ್ತ್ರದಲ್ಲಿ ಅರಸುವುದಕ್ಕೆ ಮೊದಲು ಶರೀರಶಾಸ್ತ್ರದಲ್ಲಿ ಅರಸುವುದು ಲೇಸು. ಏಕೆಂದರೆ ಶಾಲೆ ಬಾಯಿ ತೆರೆಯಲಿ, ಬಿಡಲಿ, ಮಗುವಿನ ಮಿದುಳು ತನ್ನ ಕಾಲ ಬಂದಾಗ ತನ್ನ ಕಾರ್ಯವನ್ನು ಆರಂಭಿಸಿಯೇ ತೀರುತ್ತದೆ.

ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಅಲ್ಪಗಾತ್ರದ ಭಾಗವೊಂದುಂಟು. ಅದು ಸ್ರವಿಸುವ, ಹತ್ತೇ ಅಮೈನೊ ಆಮ್ಲಗಳಿಂದಾದ ಒಂದು ಹಾರ್ಮೋನು ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಪಿಟ್ಯುಟರಿಯ ಸ್ರಾವಗಳು ಹೆಣ್ಣಿನ ಅಂಡಾಶಯವನ್ನೂ ಗಂಡಿನ ವೃಷಣವನ್ನೂ ಎಚ್ಚರಿಸುತ್ತವೆ. ಈ ಹಾರ್ಮೋನಿನ ರಚನೆಯನ್ನು ತಿಳಿಯುವುದಕ್ಕಾಗಿ ರೋಜರ್ ಗಿಯಮಾನ್ ಕುರಿಗಳ, ಆಂಡ್ರ್ಯೂ ಷಾಲಿ ಹಂದಿಗಳ ಮಿದುಳಿನ ಲಕ್ಷಾಂತರ ತುಣುಕುಗಳನ್ನು ಕಸಾಯಿಖಾನೆಗಳಿಂದ ತರಿಸಿ, ಒಬ್ಬರ ಮೇಲೊಬ್ಬರು ಪೈಪೋಟಿಯಿಂದ ವರ್ಷಗಟ್ಟಲೆ ದುಡಿದು, 1971ರಲ್ಲಿ ಗುರಿ ಮುಟ್ಟಿದರು. 1977ರ ನೊಬೆಲ್ ಪಾರಿತೋಷಕದಲ್ಲಿ ಇಬ್ಬರೂ ಭಾಗಿಗಳಾದರು. ಆದರೆ ನನ್ನ ಮನಸ್ಸನ್ನು ಅದಕ್ಕಿಂತ ಹೆಚ್ಚಾಗಿ ಸೆರೆಹಿಡಿದಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಅರ್ನ್‌ಸ್ಟ್ ನೋಬಿಲ್ ಮತ್ತು ಅವರ ಸಂಗಡಿಗರು ಕೋತಿಗಳ ಮೇಲೆ ನಡೆಸಿದ ಪ್ರಯೋಗ. ಆ ಹಾರ್ಮೋನನ್ನು ಎಡೆಬಿಡದೆ ಹರಿಸಿದಾಗ ಪಿಟ್ಯುಟರಿ ಪ್ರತಿಕ್ರಿಯಿಸದೆ ಸುಮ್ಮನಾಯಿತು. ಗಂಟೆಗೊಮ್ಮೆ, ಕೆಲವೇ ನಿಮಿಷಗಳ ಕಾಲ ಕೊಟ್ಟಾಗ ಪುನಃ ಸಕ್ರಿಯವಾಯಿತು. 1980ರಲ್ಲಿ, ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣು ಕೋತಿಗಳಿಗೆ ಇದೇ ಲಯದಲ್ಲಿ ಹಾರ್ಮೋನನ್ನು ಕೊಟ್ಟು ಋತುಚಕ್ರವನ್ನು ಆರಂಭಿಸಿದರು. ಕೊಡುವುದನ್ನು ನಿಲ್ಲಿಸಿದೊಡನೆ ಅವು ಮರಳಿ ಬಾಲ್ಯಾವಸ್ಥೆಗೆ ಜಾರಿದವು.

ಚನ್ನಗಿರಿಯ ಅಡಿಕೆ ಬೆಳೆಗಾರನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಭದ್ರಾ ನಾಲೆಯ ನೀರು ಸರದಿಯ ಮೇಲೆ ಬಂದು, ತೋಟ ತೊಯ್ದು, ಮತ್ತೆ ನೆಲ ಆರಿ ಬೇರಿಗೆ ಗಾಳಿಯಾಡಿದರೆ ಮಾತ್ರ ಮರ ಹಿಂಗಾರ ಬಿಡುತ್ತದೆಯೇ ಹೊರತು, ಹಗಲಿರುಳು ನೀರು ನಿಂತ ತೋಟದಲ್ಲಿ ಬೇರು ಕೊಳೆತು ಗರಿ ಹಳದಿಯಾಗುತ್ತದೆ. ನೀರಿನ ಮೊತ್ತದಷ್ಟೇ ಸರದಿಯೂ ಮುಖ್ಯ. ಹೈಪೊಥಲಾಮಸಿನ ಸಂದೇಶದಲ್ಲಿಯೂ ಅರ್ಥವಿರುವುದು ಅದರ ಲಯದಲ್ಲಿ. ಎಂಟು ವರ್ಷ ತುಂಬುವ ಮೊದಲೇ ಮೈನೆರೆಯುವ ಲಕ್ಷಣ ತೋರುವ ಬಾಲಕಿಯರಿಗೆ ವೈದ್ಯರು ಕೊಡುವ ಚಿಕಿತ್ಸೆ ಈ ತತ್ತ್ವದ ಮೇಲೆಯೇ ನಿಂತಿದೆ: ಆ ಹಾರ್ಮೋನನ್ನು ಹೋಲುವ ಔಷಧವನ್ನು ಮೈಯಲ್ಲಿ ನಿರಂತರವಾಗಿ ಇರುವಂತೆ ಚುಚ್ಚಿ ಪಿಟ್ಯುಟರಿಯನ್ನು ಶಾಂತಗೊಳಿಸುತ್ತಾರೆ.

ಹೈಪೊಥಲಾಮಸಿನ ಈ ಲಯಬದ್ಧ ಮಿಡಿತ ಬಾಲಕಿಯರಲ್ಲಿ ಎಂಟರಿಂದ ಹದಿಮೂರರೊಳಗೆ, ಬಾಲಕರಲ್ಲಿ ಒಂಬತ್ತರಿಂದ ಹದಿನಾಲ್ಕರೊಳಗೆ ಬಲಗೊಳ್ಳುತ್ತದೆ. ಮೊದಲು ರಾತ್ರಿ ನಿದ್ರೆಯಲ್ಲಿ, ಅನಂತರ ಹಗಲಿನಲ್ಲಿಯೂ. ಪಠ್ಯಪುಸ್ತಕ ಸಂತಾನೋತ್ಪತ್ತಿಯ ಪಾಠವನ್ನು ತೆರೆಯುವುದು ಪ್ರೌಢಶಾಲೆಯಲ್ಲಿ. ಅಷ್ಟು ಹೊತ್ತಿಗೆ ಬಹುಮಂದಿ ಬಾಲಕಿಯರಿಗೆ ಮುಟ್ಟು ಆರಂಭವಾಗಿಯೇ ಇರುತ್ತದೆ. ಲಂಗದ ಮೇಲೆ ಕಂದುಬಣ್ಣದ ಕಲೆಯನ್ನು ಕಂಡು, ಒಳಗೆಲ್ಲೋ ಗಾಯವಾಗಿದೆಯೆಂದು ಬಗೆದು, ಯಾರಿಗೂ ಹೇಳದೆ ನೀರಿನ ತೊಟ್ಟಿಯ ಬಳಿ ತೊಳೆದುಕೊಳ್ಳುವ ಮಗುವಿಗೆ, ಒಂದು ಋತುಸ್ರಾವದಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರಿನಷ್ಟೇ ಎಂಬುದನ್ನು, ಮೊದಲ ಎರಡು ವರ್ಷ ಅದು ತಿಂಗಳ ಲೆಕ್ಕ ತಪ್ಪುವುದು ಸಹಜವೆಂಬುದನ್ನು, ಆ ದಿನಕ್ಕೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಭಯ ತಪ್ಪುತ್ತಿತ್ತು! ಚಿತ್ರದುರ್ಗ, ತುಮಕೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಹಟ್ಟಿಯಿಂದ ಹೊರಗಿರಿಸುವ ಪದ್ಧತಿ ಇನ್ನೂ ಅಳಿದಿಲ್ಲ. ಗರ್ಭಾಶಯದ ಒಳಪೊರೆ ಕಳಚಿ ಬೀಳುವ ಈ ಕ್ರಿಯೆಯಲ್ಲಿ ಮೈಲಿಗೆಯ ಲವಲೇಶವೂ ಇಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಇಷ್ಟರಿಂದಲೇ ವಿಷಯ ಮುಗಿಯುವುದಿಲ್ಲ. ಮುಟ್ಟಾದಳೆಂದರೆ ಮದುವೆಗೆ ಬಂದಳೆಂಬ ಭಾವನೆ ನಮ್ಮ ನಾಡಿನಲ್ಲಿ ಬೇರೂರಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರ ಪೈಕಿ ಸುಮಾರು ಐವರಲ್ಲಿ ಒಬ್ಬಳಿಗೆ ಹದಿನೆಂಟು ತುಂಬುವ ಮೊದಲೇ ವಿವಾಹವಾಗಿತ್ತು. ಶರೀರಶಾಸ್ತ್ರ ಈ ಭಾವನೆಯನ್ನು ಒಪ್ಪುವುದಿಲ್ಲ. ಮೊದಲ ಮುಟ್ಟಿನ ಬಳಿಕವೂ ಬಾಲಕಿಯ ಎತ್ತರ ಬೆಳೆಯುತ್ತದೆ, ಶ್ರೋಣಿಯ ಎಲುಬು ಅದಕ್ಕಿಂತಲೂ ನಿಧಾನವಾಗಿ ಬೆಳೆಯುತ್ತದೆ. ಇಪ್ಪತ್ತಕ್ಕೆ ಒಳಗಿನ ಬಸುರಿಯರಲ್ಲಿ ನಂಜಿನ ಸೆಳವು ಮತ್ತು ಹೆರಿಗೆಯ ತರುವಾಯದ ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತಹೀನತೆ ಇವೆಲ್ಲವನ್ನೂ ವಿಷಮಗೊಳಿಸುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಮಲ ಕಪ್ಪಾಗುವುದನ್ನು ಕಂಡು ಬೆದರಿ ಅದನ್ನು ಬಿಸಾಡಬಾರದು. ಊಟವಾದ ಮೇಲೆ ನುಂಗಬೇಕು, ಜೊತೆಗೆ ಚಹಾ ಕುಡಿಯಬಾರದು.

ಇಂಥ ತಿಳಿವಳಿಕೆ ನಮ್ಮ ನೆಲಕ್ಕೆ ಪರಕೀಯವೆಂಬ ಮಾತು ಸರಿಯಲ್ಲ. ಸಂತಾನ ನಿಯಂತ್ರಣಕ್ಕಾಗಿ ಸರ್ಕಾರವೇ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲೇ ಮೊದಲಿಗೆ ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರು ‘ಕೇಳು ಕಿಶೋರಿ’ ಎಂಬ ಪುಸ್ತಕವನ್ನೇ ಬರೆದರು. ಇಷ್ಟಿದ್ದೂ 2007ರಲ್ಲಿ ಶಾಲೆಗಳ ಲೈಂಗಿಕ ಶಿಕ್ಷಣಕ್ಕೆ ದೇಶದ ಹಲವೆಡೆ ವಿರೋಧವೆದ್ದಾಗ ಕರ್ನಾಟಕವೂ ಅದನ್ನು ತಡೆಹಿಡಿಯಿತು. ಅದು ಹಿಂದೆ ಇಟ್ಟ ಹೆಜ್ಜೆಯೆಂದೇ ನನ್ನ ಅಭಿಪ್ರಾಯ. ನಾನಾ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊ, ಇಂಥ ಶಿಕ್ಷಣ ಲೈಂಗಿಕ ಚಟುವಟಿಕೆಯನ್ನು ಹೆಚ್ಚಿಸುವುದಿಲ್ಲವೆಂದು 2018ರಲ್ಲಿ ಪುನಃ ಸಾರಿದೆ. ತಾಯಿತಂದೆಗಳ ಪ್ರಶ್ನೆಗೆ ಉತ್ತರ ಅಲ್ಲಿದೆ.

ಆದುದರಿಂದ ಹೊನ್ನಾಳಿಯ, ಜಗಳೂರಿನ ಉಪಾಧ್ಯಾಯರಲ್ಲಿ ನನ್ನ ವಿನಂತಿಯಿಷ್ಟೆ: ಐದನೆಯ, ಆರನೆಯ ತರಗತಿಯಲ್ಲಿಯೇ, ಗಂಡುಮಕ್ಕಳನ್ನು ಹೊರಗೆ ಕಳಿಸದೆ, ಈ ಪಾಠವನ್ನು ಆರಂಭಿಸಿರಿ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ, ಮಕ್ಕಳಿಗೆ ಅದನ್ನು ತಿಳಿಸಿರಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಿರಿ.