ಹಿಡಿಬಾಲದ ಹಾವುರಾಣಿ: ನಾಮ, ಸ್ವಭಾವ ಮತ್ತು ಪಾಲನವಿಧಿ

ಪ್ರಾಣಿಪಾಲನೆಯು ನಮ್ಮ ವಾಙ್ಮಯಕ್ಕೆ ಹೊಸ ವಿಷಯವಲ್ಲ. ಸಂಸ್ಕೃತದಲ್ಲಿ ಪಾಲಕಾಪ್ಯನ ಹೆಸರಿನಲ್ಲಿ ನಡೆದುಬಂದಿರುವ ಹಸ್ತ್ಯಾಯುರ್ವೇದವೂ ಶಾಲಿಹೋತ್ರನ ಹೆಸರಿಗೆ ಸಂದ ಅಶ್ವಶಾಸ್ತ್ರವೂ ಪ್ರಸಿದ್ಧವಾಗಿವೆ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ಗೋವೈದ್ಯವೂ, ಅನಂತರದ ಅಭಿನವಚಂದ್ರನ ಅಶ್ವವೈದ್ಯವೂ ಉಂಟು. ಆನೆ, ಕುದುರೆ, ಗೋವು ಇವೆಲ್ಲವೂ ಮನುಷ್ಯನಿಗೆ ಉಪಕಾರಿಗಳಾದುದರಿಂದ ಅವುಗಳ ಆರೈಕೆಯ ಶಾಸ್ತ್ರವು ಬೆಳೆದುದು ಸಹಜವೇ ಸರಿ. ಹಲ್ಲಿ, ಓತಿ, ಉಡಗಳ ಜಾತಿಯನ್ನು ಮನೆಯಲ್ಲಿ ಅಕ್ಕರೆಯಿಂದ ಸಾಕುವ ಪದ್ಧತಿಯು ನಮ್ಮಲ್ಲಿ ರೂಢವಾಗಿರಲಿಲ್ಲವಾಗಿ, ಆ ವಿಷಯದಲ್ಲಿ ಗ್ರಂಥವೂ ಹುಟ್ಟಲಿಲ್ಲ, ಪರಿಭಾಷೆಯೂ ಬೆಳೆಯಲಿಲ್ಲ. ಯುರೋಪು ಅಮೆರಿಕಾ ಖಂಡಗಳಲ್ಲಿಯಾದರೋ ಈ ಪದ್ಧತಿಯು ಬಹುವಾಗಿ ಹಬ್ಬಿದೆ. ಅಲ್ಲಿ ಸಾಕಲ್ಪಡುವ ಸರೀಸೃಪಗಳಲ್ಲಿ ಅತ್ಯಂತ ವಿಲಕ್ಷಣವಾದುದೊಂದರ ಹೆಸರು, ಬಾಳುವೆ, ಆರೈಕೆಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗುವುದು.

೧. ನಾಮವಿಚಾರ

ಅಮರಕೋಶದಲ್ಲಿ ಕೃಕಲಾಸಕ್ಕೆ ಸರಟವೆಂದೂ ಗೃಹಗೋಧಿಕೆಗೆ ಮುಸಲಿಯೆಂದೂ ಪರ್ಯಾಯಗಳಿವೆ. ಗೋಧಾ ಎಂಬುದು ಉಡ. ಕನ್ನಡದಲ್ಲಿ ಹಲ್ಲಿ, ಓತಿ, ಗೋಸುಂಬೆ, ಉಡ ಎಂಬ ದೇಶ್ಯಶಬ್ದಗಳು ಬೇರೆಬೇರೆ ಜಾತಿಗಳನ್ನು ಸ್ಪಷ್ಟವಾಗಿ ವಿಂಗಡಿಸುತ್ತವೆ. ಇವುಗಳ ಜೊತೆಗೆ ನುಣುಪಾದ ಹೊಳೆಯುವ ಮೈಯುಳ್ಳ, ಕುಳ್ಳಗಾಲಿನ, ಹಿತ್ತಿಲ ಕಲ್ಲುಸಂದಿಗಳಲ್ಲಿ ಹರಿದಾಡುವ ಪ್ರಾಣಿಗೆ ಹಾವುರಾಣಿಯೆಂದು ಹೆಸರು. ಪ್ರಾಣಿಶಾಸ್ತ್ರಜ್ಞರು ಸ್ಕಿಂಕ್ ಎಂದು ಕರೆಯುವ ದೊಡ್ಡ ಕುಟುಂಬಕ್ಕೆಲ್ಲ ಈ ಶಬ್ದವನ್ನು ವಿಸ್ತರಿಸಿದರೆ ಬಾಧಕವಿಲ್ಲ.

ಪ್ರಕೃತ ಪ್ರಾಣಿಯನ್ನು ೧೮೫೫ರಲ್ಲಿ ಇಂಗ್ಲೆಂಡಿನ ಜಾನ್ ಎಡ್ವರ್ಡ್ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞನು ಮೊದಲು ವರ್ಣಿಸಿ ಕೊರೂಸಿಯಾ ಜೀಬ್ರಾಟಾ ಎಂದು ಹೆಸರಿಟ್ಟನು. ಮೊದಲ ಪದವು ಮಿನುಗುವುದೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಹಸುರು ಕಂದು ಮಿಶ್ರಿತವಾದ ಹುರುಪೆಗಳ ಮೇಲೆ ಬೆಳಕಾಡುವ ಬಗೆಯನ್ನು ಅದು ಸೂಚಿಸುತ್ತದೆ. ಎರಡನೆಯದು ಮೈಮೇಲಿನ ಪಟ್ಟೆಗಳನ್ನು ಆಫ್ರಿಕಾದ ಜೀಬ್ರಾ ಮೃಗಕ್ಕೆ ಹೋಲಿಸಿ ಇಟ್ಟುದು. ಜನವ್ಯವಹಾರದ ಹೆಸರು ಮಾತ್ರ ಬಾಲವನ್ನು ಹಿಡಿದು ಹುಟ್ಟಿದೆ: ಕೊಂಬೆಯನ್ನು ಸುತ್ತಿ ಹಿಡಿಯಬಲ್ಲ ಬಾಲವೇ ಇದರ ವಿಶೇಷಲಕ್ಷಣ. ಕೆಲವರು ಕಪಿಬಾಲದ್ದೆಂದೂ ಹೇಳುವುದುಂಟು.

ಇದನ್ನು ಕನ್ನಡಿಸುವಾಗ 'ಗ್ರಾಹಕಪುಚ್ಛ' ಎಂಬ ಸಮಾಸವು ಪಂಡಿತರಿಗೆ ತಟ್ಟನೆ ತೋರಬಹುದು. ಆದರೆ ಗ್ರಾಹಕಶಬ್ದವು ಈಗ ಕೊಳ್ಳುವವನೆಂಬ ಅರ್ಥದಲ್ಲಿ ನೆಲೆನಿಂತಿರುವುದರಿಂದ ಓದುಗನಿಗೆ ಅಂಗಡಿಯ ನೆನಪಾಗುವ ಭಯವಿದೆ. ಸುಡುಗಾಡು, ಕಡೆಗೋಲು ಮುಂತಾದ ಗಮಕಸಮಾಸಗಳ ಜಾಡಿನಲ್ಲಿ 'ಹಿಡಿಬಾಲ' ಎಂದರೆ ಅರ್ಥವು ನಿಸ್ಸಂದಿಗ್ಧವಾಗುತ್ತದೆ. ಆದುದರಿಂದ ಇಲ್ಲಿ ಹಿಡಿಬಾಲದ ಹಾವುರಾಣಿಯೆಂದೇ ವ್ಯವಹರಿಸಲಾಗಿದೆ.

೨. ನೆಲೆ ಮತ್ತು ದೇಹಲಕ್ಷಣ

ಇದರ ಜನ್ಮಭೂಮಿ ನ್ಯೂಗಿನಿಗೆ ಪೂರ್ವದಲ್ಲಿರುವ ಸಾಲೊಮನ್ ದ್ವೀಪಸ್ತೋಮ. ಈ ದ್ವೀಪಗಳಲ್ಲಿ ಬಹುಭಾಗವು ೧೯೭೮ರಲ್ಲಿ ಸ್ವತಂತ್ರವಾದ ಸಾಲೊಮನ್ ದ್ವೀಪರಾಷ್ಟ್ರಕ್ಕೆ ಸೇರಿದೆ. ಬೂಗನ್‌ವಿಲ್, ಬೂಕಾ ಎಂಬ ಪಶ್ಚಿಮದ ದ್ವೀಪಗಳು ಪಾಪುವಾ ನ್ಯೂಗಿನಿಯ ಆಡಳಿತದಲ್ಲಿವೆ. ಈ ಎರಡು ದ್ವೀಪಗಳ ಪ್ರಾಣಿಯನ್ನು ೧೯೯೭ರಲ್ಲಿ ಪ್ರತ್ಯೇಕವಾದ ಉಪಜಾತಿಯೆಂದು ಗುರುತಿಸಲಾಯಿತು. ಪ್ರಪಂಚದಲ್ಲಿ ಬೇರೆಲ್ಲಿಯೂ ಇದು ತಾನಾಗಿ ಬಾಳುವುದಿಲ್ಲ.

ಈಗ ಜೀವಿಸಿರುವ ಹಾವುರಾಣಿಗಳಲ್ಲೆಲ್ಲ ಇದೇ ಅತಿ ದೊಡ್ಡದು. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು ೮೦ ಸೆಂಟಿಮೀಟರುಗಳಷ್ಟು ಬೆಳೆಯಬಲ್ಲುದು. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಬಾಲವೇ. ತ್ರಿಕೋಣಾಕಾರದ ದಪ್ಪತಲೆ, ಬಲವಾದ ದವಡೆ, ಬಾಗಿದ ಗಟ್ಟಿ ಉಗುರುಗಳು, ಗಿಡ್ಡವಾದರೂ ಗಟ್ಟಿಮುಟ್ಟಾದ ಕಾಲುಗಳು ಇದರ ಲಕ್ಷಣ. ತಗ್ಗುಪ್ರದೇಶದ ಮಳೆಗಾಡುಗಳಲ್ಲಿ, ಮುಖ್ಯವಾಗಿ ಆಲದ ಕುಲಕ್ಕೆ ಸೇರಿ ಅನ್ಯವೃಕ್ಷಗಳನ್ನು ಬಿಗಿದು ಬೆಳೆಯುವ ಮಹಾವೃಕ್ಷಗಳ ಪೊಟರೆಗಳಲ್ಲಿಯೂ ಮೇಲ್ಗೊಂಬೆಗಳಲ್ಲಿಯೂ ವಾಸ. ಹಗಲು ಬಹುಮಟ್ಟಿಗೆ ಅಡಗಿದ್ದು, ಮುಸ್ಸಂಜೆಯಿಂದ ಮುಂದಕ್ಕೆ ಮೇಯಲು ಹೊರಡುತ್ತದೆ.

ಆಹಾರವು ಎಲೆ, ಹೂ, ಕಾಯಿ, ಹಣ್ಣು. ನಮ್ಮ ಹಿತ್ತಿಲ ಹಾವುರಾಣಿಯು ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುವುದಾದರೆ, ಇದು ಶಾಕಾಹಾರಿ. ನಗರಗಳ ಮನೆಗಳಲ್ಲಿ ಸೀಸೆಯ ನೀರಿನಲ್ಲಿ ಬೆಳೆಸುವ ಮನಿಪ್ಲಾಂಟ್ ಬಳ್ಳಿಯ ಹತ್ತಿರದ ಬಂಧುವಾದ ಕಾಡುಬಳ್ಳಿಯ ಎಲೆ ಇದಕ್ಕೆ ಬಹು ಪ್ರಿಯ. ಆ ಬಳ್ಳಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿದ್ದು, ಇತರ ಪ್ರಾಣಿಗಳ ಬಾಯಿಗೆ ತುರಿಕೆಯನ್ನೂ ಉರಿಯನ್ನೂ ಉಂಟುಮಾಡುತ್ತವೆ. ಈ ಪ್ರಾಣಿಯಾದರೋ ಅದನ್ನು ಬಾಧೆಯಿಲ್ಲದೆ ಜೀರ್ಣಿಸಿಕೊಳ್ಳುತ್ತದೆ.

೩. ಜನ್ಮ ಮತ್ತು ಕುಟುಂಬ

ಪ್ರಾಣಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜವೆಂದು ನಾಲ್ಕಾಗಿ ವಿಭಾಗಿಸುವುದು ನಮ್ಮ ಶಾಸ್ತ್ರಗಳ ಪ್ರಸಿದ್ಧವಾದ ಕ್ರಮ. ಮನುಸ್ಮೃತಿಯ ಮೊದಲನೆಯ ಅಧ್ಯಾಯವು ಪಕ್ಷಿ, ಸರ್ಪ, ಮೊಸಳೆ, ಮೀನು, ಆಮೆಗಳನ್ನೂ ಅಂಥ ಇತರ ಜೀವಿಗಳನ್ನೂ ಅಂಡಜಗಳೆಂದು ಎಣಿಸುತ್ತದೆ. ಈ ಎಣಿಕೆಯಂತೆ ಹಾವುರಾಣಿಯೂ ಅಂಡಜವೇ ಆಗಬೇಕು. ನಮ್ಮ ನಾಡಿನ ಸಾಮಾನ್ಯ ಹಾವುರಾಣಿಯು ಮೊಟ್ಟೆಯಿಡುವುದರಿಂದ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಹಿಡಿಬಾಲದ್ದಾದರೋ ಮೊಟ್ಟೆಯಿಡದೆ ಮರಿಯನ್ನೇ ಹೆರುತ್ತದೆ. ಅಷ್ಟೇ ಅಲ್ಲದೆ, ಗರ್ಭದಲ್ಲಿರುವ ಮರಿಗೆ ತಾಯಿಯ ದೇಹದಿಂದ ಜರಾಯುವಿನಂಥ ಅಂಗದ ಮೂಲಕ ಪೋಷಣೆಯೂ ದೊರೆಯುತ್ತದೆ. ಹೀಗೆ ಅಂಡಜಗಳ ಕುಲದಲ್ಲಿದ್ದುಕೊಂಡೇ ಇದು ಜರಾಯುಜದ ಧರ್ಮವನ್ನು ಪಡೆದಿದೆ.

ಇದರಿಂದ ಶಾಸ್ತ್ರವಿಭಾಗವು ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಗುಂಪಿನಲ್ಲಿ ಕೆಲವರ ಕೈಯಲ್ಲಿ ಕೊಡೆಯಿಲ್ಲದಿದ್ದರೂ ಕೊಡೆಯವರು ಹೋಗುತ್ತಿದ್ದಾರೆಂದು ಹೇಳುವ ಛತ್ರಿನ್ಯಾಯದಂತೆ, ಬಹುಸಂಖ್ಯೆಯನ್ನು ನೋಡಿ ಮಾಡಿದ ವ್ಯವಹಾರವೆಂದು ಅದನ್ನು ಗ್ರಹಿಸಬಹುದು. ನಮ್ಮಲ್ಲಿಯೇ ಕೊಳಕುಮಂಡಲದ ಹಾವು ಮರಿಹಾಕುವುದು ಹಳ್ಳಿಗರಿಗೆ ತಿಳಿದ ವಿಷಯ. ಆದರೆ ಶಬ್ದದ ಬಲದಿಂದ ವಸ್ತುವನ್ನು ನಿರ್ಣಯಿಸಲಾಗದು, ಪ್ರತ್ಯಕ್ಷವನ್ನೂ ನೋಡಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಗರ್ಭಧಾರಣೆಯ ಕಾಲವು ಆರರಿಂದ ಎಂಟು ತಿಂಗಳು. ಹುಟ್ಟುವುದು ಸಾಮಾನ್ಯವಾಗಿ ಒಂದೇ ಮರಿ, ಅವಳಿಯು ಅಪರೂಪ. ಹುಟ್ಟಿದಾಗಲೇ ಮರಿಯು ಸುಮಾರು ೩೦ ಸೆಂಟಿಮೀಟರುಗಳಷ್ಟು ಉದ್ದವಿರುತ್ತದೆ. ಮೊಟ್ಟೆಯಿಟ್ಟು ಹೊರಟುಹೋಗುವ ಇತರ ಸರೀಸೃಪಗಳಂತೆ ಇದರ ತಾಯಿಯು ಮರಿಯನ್ನು ತೊರೆಯುವುದಿಲ್ಲ. ಹಲವು ಪ್ರಾಣಿಗಳು ಕೂಡಿ ಬಾಳುವ ಗುಂಪಿನಲ್ಲಿ ಮರಿಯು ಆರು ತಿಂಗಳಿಂದ ಒಂದು ವರ್ಷದವರೆಗೆ ಇರುತ್ತದೆ. ತಾಯಿಯಲ್ಲದ ಹಿರಿಯ ಪ್ರಾಣಿಗಳೂ ಅದನ್ನು ಕಾಯುವುದುಂಟು. ಇಂಥ ಗುಂಪಿಗೆ ಪ್ರಾಣಿಶಾಸ್ತ್ರಜ್ಞರು 'ಸರ್ಕ್ಯುಲಸ್' ಎಂಬ ಲ್ಯಾಟಿನ್ ಹೆಸರನ್ನು ಕೊಟ್ಟಿದ್ದಾರೆ. ಚಿಕ್ಕ ವಲಯವೆಂಬುದು ಅದರ ಅರ್ಥ; ಕನ್ನಡದಲ್ಲಿ ಬಳಗವೆಂದರೆ ಭಾವವು ಪೂರ್ಣವಾಗಿ ಬರುತ್ತದೆ.

ಮರಿಯು ಬಳಗದಲ್ಲಿರುವುದು ರಕ್ಷಣೆಗಾಗಿ ಮಾತ್ರವಲ್ಲ. ಎಲೆಯ ನಾರನ್ನು ಕರುಳಿನಲ್ಲಿ ಹುಳಿಯಿಸಿ ಅರಗಿಸುವುದಕ್ಕೆ ಸೂಕ್ಷ್ಮಜೀವಿಗಳ ಸಹಾಯ ಬೇಕು. ಮರಿಯು ಹುಟ್ಟುವಾಗ ಅವು ಅದರ ಕರುಳಿನಲ್ಲಿ ಇರುವುದಿಲ್ಲ. ಹಿರಿಯ ಪ್ರಾಣಿಗಳ ಮಲವನ್ನು ತಿನ್ನುವುದರಿಂದ ಅವು ಮರಿಗೆ ಸಂಕ್ರಮಿಸುತ್ತವೆ. ನೋಡುವವರಿಗೆ ಜುಗುಪ್ಸೆಯನ್ನು ಹುಟ್ಟಿಸುವ ಈ ಕ್ರಿಯೆಯೇ ಮರಿಯ ಜೀವಧಾರಣೆಗೆ ಮೂಲ.

೪. ಪಾಲನವಿಧಿ

ಮೇಲೆ ಹೇಳಿದ ಸ್ವಭಾವದಿಂದಲೇ ಪಾಲನೆಯ ನಿಯಮಗಳೆಲ್ಲವೂ ಹೊರಡುತ್ತವೆ. ಮರದ ಮೇಲೆ ಬಾಳುವ ಪ್ರಾಣಿಯಾದುದರಿಂದ ಗೂಡು ಅಗಲಕ್ಕಿಂತ ಎತ್ತರದಲ್ಲಿ ಮಿಗಿಲಾಗಿರಬೇಕು. ದೇಹಭಾರವನ್ನು ತಡೆಯಬಲ್ಲ ದಪ್ಪ ಕೊಂಬೆಗಳನ್ನು ಅಲ್ಲಾಡದಂತೆ ಬಿಗಿದು, ಎತ್ತರದಲ್ಲಿ ಪೊಟರೆಯಂಥ ಅಡಗುದಾಣಗಳನ್ನು, ಒಂದೊಂದು ಪ್ರಾಣಿಗೆ ಒಂದರಂತೆಯಾದರೂ, ಏರ್ಪಡಿಸಬೇಕು. ಅಡಗುದಾಣವಿಲ್ಲದ ಗೂಡಿನಲ್ಲಿ ಪ್ರಾಣಿಯು ಸದಾ ಭಯದಲ್ಲಿದ್ದು ಮೇವು ಬಿಡುತ್ತದೆ.

ಹಗಲಿನ ಉಷ್ಣತೆಯು ಸುಮಾರು ೨೪ರಿಂದ ೨೯ ಡಿಗ್ರಿ ಸೆಂಟಿಗ್ರೇಡ್ ಇದ್ದು, ಮೈ ಕಾಯಿಸಿಕೊಳ್ಳುವ ಒಂದು ಕಡೆಯಲ್ಲಿ ೩೨ರಷ್ಟಿರುವುದು ಯುಕ್ತ. ಹೀಗೆ ತಾರತಮ್ಯವಿದ್ದರೆ ಪ್ರಾಣಿಯು ತನಗೆ ಬೇಕಾದ ಶಾಖವನ್ನು ತಾನೇ ಆರಿಸಿಕೊಳ್ಳುತ್ತದೆ. ಮಳೆಗಾಡಿನ ಪ್ರಾಣಿಯಾದುದರಿಂದ ಗಾಳಿಯಲ್ಲಿ ತೇವವೂ ಬೇಕು. ದಿನವೂ ನೀರನ್ನು ತುಂತುರಾಗಿ ಚಿಮುಕಿಸಬೇಕು. ತೇವವು ಸಾಲದಿದ್ದರೆ ಪೊರೆಯು ಸರಿಯಾಗಿ ಕಳಚದೆ ಬೆರಳುಗಳಲ್ಲಿ ಸುತ್ತಿಕೊಂಡು, ರಕ್ತಸಂಚಾರವನ್ನು ತಡೆದು, ಬೆರಳನ್ನೇ ನಾಶಮಾಡಬಹುದು. ಆದರೆ ಗಾಳಿಯಾಡದ ತೇವವು ಬೂಷ್ಟಿಗೂ ರೋಗಕ್ಕೂ ಕಾರಣವಾಗುವುದರಿಂದ ತೇವದೊಡನೆ ಗಾಳಿಯ ಸಂಚಾರವನ್ನೂ ಗಮನಿಸಬೇಕು.

ಬೆಳಕಿನ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಸೂರ್ಯರಶ್ಮಿಯ ಅತಿನೇರಳೆಯ ಒಂದಂಶದಿಂದ ಚರ್ಮದಲ್ಲಿ 'ಡಿ' ಜೀವಸತ್ತ್ವವು ಉಂಟಾಗುತ್ತದೆ; ಅದಿಲ್ಲದಿದ್ದರೆ ತಿಂದ ಸುಣ್ಣದಂಶವು ಮೈಗೆ ಹತ್ತದೆ ಎಲುಬುಗಳು ಮೆತ್ತಗಾಗುತ್ತವೆ. ಕಿಟಕಿಯ ಗಾಜು ಈ ಅಂಶವನ್ನು ತಡೆಯುವುದರಿಂದ, ಗಾಜಿನ ಹಿಂದೆ ಬಿದ್ದ ಬಿಸಿಲು ಬಿಸಿಯನ್ನು ಕೊಟ್ಟೀತೇ ಹೊರತು ಈ ಪ್ರಯೋಜನವನ್ನು ಕೊಡಲಾರದು. ಆದುದರಿಂದ ಅದಕ್ಕಾಗಿಯೇ ತಯಾರಾದ ದೀಪವನ್ನು ಬಳಸುವುದು ವಾಡಿಕೆ.

ಮೇವಿನಲ್ಲಿ ಸೊಪ್ಪೇ ಪ್ರಧಾನ. ಸಾಸಿವೆಸೊಪ್ಪು, ದಾಸವಾಳದ ಎಲೆ ಮತ್ತು ಹೂ, ಔಷಧ ಸಿಂಪಡಿಸದ ಮನಿಪ್ಲಾಂಟಿನ ಎಲೆ, ತುರಿದ ಸಿಹಿಗುಂಬಳ, ಗೆಣಸು ಇವು ಯೋಗ್ಯ. ಪರಂಗಿ ಮುಂತಾದ ಹಣ್ಣು ಸ್ವಲ್ಪವೇ ಇರಲಿ. ಪಾಲಕಿನ ಸೊಪ್ಪಿನ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಡುವುದರಿಂದ ಅದನ್ನು ನಿತ್ಯದ ಮೇವಾಗಿ ಮಾಡಬಾರದು. ಮಾಂಸಾಹಾರವು ಇದರ ಪ್ರಕೃತಿಗೆ ವಿರುದ್ಧ. ಪ್ರಾಣಿಯು ಎಚ್ಚತ್ತಿರುವ ಸಂಜೆಯ ವೇಳೆಯಲ್ಲಿ, ಕೊಂಬೆಯ ಮಟ್ಟದಲ್ಲಿಯೇ ಮೇವನ್ನಿಡುವುದು ಲೇಸು.

ಬಳಗದ ವಿಷಯವೇ ಪಾಲಕನಿಗೆ ಕಠಿಣವಾದ ಭಾಗ. ಒಂದಾಗಿ ಬಾಳುವ ಪ್ರಾಣಿಯೆಂದು ಕಂಡ ಪ್ರಾಣಿಗಳನ್ನೆಲ್ಲ ಒಂದೇ ಗೂಡಿಗೆ ಸೇರಿಸುವುದು ಅನರ್ಥಕ್ಕೆ ಕಾರಣ. ಬಳಗದೊಳಗೆ ಸ್ನೇಹವಿರುವಷ್ಟೇ ಹೊರಗಿನವರಲ್ಲಿ ವೈರವೂ ಇದೆ. ಗಂಡುಗಳು ಪರಸ್ಪರ ಕಚ್ಚಾಡಿ ಘಾಸಿಗೊಳ್ಳುತ್ತವೆ. ಮರಿಯುಳ್ಳ ತಾಯಿಯು ದಿನವೂ ಮೇವಿಡುವ ಕೈಯನ್ನೂ ಕಚ್ಚುವುದುಂಟು. ಆ ಕಡಿತವು ಬಲವಾದುದು. ಹೊಸ ಪ್ರಾಣಿಯನ್ನು ಬಹುಕಾಲ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮೆಲ್ಲಮೆಲ್ಲನೆ ಪರಿಚಯಿಸಬೇಕು. ಮರಿಯನ್ನು ಹುಟ್ಟಿದೊಡನೆ ತಾಯಿಯಿಂದ ಅಗಲಿಸಿದರೆ ರಕ್ಷಣೆಯೊಡನೆ ಜೀರ್ಣಶಕ್ತಿಯ ಮೂಲವನ್ನೂ ಕಿತ್ತಂತಾಗುತ್ತದೆ. ಎತ್ತುವಾಗ ಬಾಲವನ್ನಾಗಲಿ ಕಾಲನ್ನಾಗಲಿ ಎಳೆಯದೆ, ಹಿಡಿತವನ್ನು ಒಂದೊಂದಾಗಿ ಬಿಡಿಸಿ, ಕೆಳಗಿನಿಂದ ಪೂರ್ಣ ಆಧಾರ ಕೊಡಬೇಕು. ಸರೀಸೃಪಗಳಿಂದ ಸಾಲ್ಮೊನೆಲ್ಲಾ ರೋಗಾಣುಗಳು ಹರಡಬಹುದಾದುದರಿಂದ ಮುಟ್ಟಿದ ಮೇಲೆ ಕೈತೊಳೆಯುವುದು ಅವಶ್ಯ.

೫. ಪಾಲಕನ ಹೊಣೆ

ಈ ಪ್ರಾಣಿಯು ಪಾಲನೆಯಲ್ಲಿ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಬದುಕಬಲ್ಲುದು. ಆದುದರಿಂದ ಸಾಕುವ ಸಂಕಲ್ಪವು ಕೆಲದಿನದ ಕುತೂಹಲವಾಗಿರಲಾಗದು. ಇದಕ್ಕಿಂತಲೂ ಗುರುತರವಾದ ವಿಚಾರ ಇನ್ನೊಂದಿದೆ. ಒಮ್ಮೆಗೆ ಹತ್ತಿಪ್ಪತ್ತು ಮೊಟ್ಟೆಯಿಡುವ ಪ್ರಾಣಿಯ ಸಂಖ್ಯೆಯು ಕುಗ್ಗಿದರೂ ಬೇಗ ತುಂಬಿಕೊಳ್ಳಬಹುದು. ಬಹುಕಾಲ ಹೊತ್ತು ಒಂದೇ ಮರಿಯನ್ನು ಹೆರುವ ಪ್ರಾಣಿಯದು ಹಾಗಲ್ಲ. ಕಾಡಿನಿಂದ ಒಂದು ತಾಯಿಯನ್ನು ತಂದರೆ ಬಳಗವೇ ಚದರುತ್ತದೆ. ದ್ವೀಪಗಳಲ್ಲಿ ಮರ ಕಡಿಯುವುದರಿಂದ ನೆಲೆ ನಾಶವಾಗುತ್ತಿದೆ; ಆಹಾರಕ್ಕಾಗಿ ಬೇಟೆಯೂ ಉಂಟು; ಇವುಗಳ ಮೇಲೆ ಮಾರಾಟಕ್ಕಾಗಿ ಹಿಡಿಯುವ ಪೀಡೆ ಸೇರಿತು. ಈ ಕಾರಣದಿಂದ, ೧೯೭೩ರಲ್ಲಿ ವಾಷಿಂಗ್ಟನ್ನಿನಲ್ಲಿ ಏರ್ಪಟ್ಟ ವನ್ಯಜೀವಿವ್ಯಾಪಾರದ ಅಂತಾರಾಷ್ಟ್ರೀಯ ಒಡಂಬಡಿಕೆಯ ಎರಡನೆಯ ಪಟ್ಟಿಗೆ ೧೯೯೨ರಲ್ಲಿ ಇದನ್ನು ಸೇರಿಸಲಾಯಿತು. ಅಂದಿನಿಂದ ಅನುಮತಿಪತ್ರವಿಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವುದು ನಿಷಿದ್ಧ.

ಭಾರತವು ೧೯೭೬ರಲ್ಲಿ ಈ ಒಡಂಬಡಿಕೆಯನ್ನು ಸೇರಿತು. ೧೯೭೨ರ ವನ್ಯಜೀವಿಸಂರಕ್ಷಣಾ ಶಾಸನಕ್ಕೆ ೨೦೨೨ರಲ್ಲಿ ಆದ ತಿದ್ದುಪಡಿಯೂ ೨೦೨೪ರ ನಿಯಮಗಳೂ, ಆ ಪಟ್ಟಿಗಳಲ್ಲಿರುವ ವಿದೇಶೀ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕೆಂದು ವಿಧಿಸಿವೆ. ನಮ್ಮ ನೆಲದ ಉಡವನ್ನು ಹಿಡಿದಿಡುವುದಂತೂ ಶಾಸನದಿಂದ ವರ್ಜ್ಯವಾಗಿದೆ. ಆದುದರಿಂದ ಕನ್ನಡನಾಡಿನ ಓದುಗರಿಗೆ ಈ ಪಾಲನವಿಧಿಯು ಅನುಷ್ಠಾನಕ್ಕಿಂತ ವಿಮರ್ಶೆಗೆ ಹೆಚ್ಚು ಉಪಯುಕ್ತ. ವಿದೇಶಗಳಲ್ಲಿ ಸಾಕುವ ಕನ್ನಡಿಗರಾದರೂ, ಪಾಲನೆಯಲ್ಲಿಯೇ ಹುಟ್ಟಿದುದೆಂಬುದಕ್ಕೆ ದಾಖಲೆಯುಳ್ಳ ಪ್ರಾಣಿಯನ್ನು ಮಾತ್ರ ಸ್ವೀಕರಿಸುವುದು ನ್ಯಾಯ.

ಗೋವಿಗೆ ಹಟ್ಟಿಯೂ ಕುದುರೆಗೆ ಲಾಯವೂ ಸಹಸ್ರಾರು ವರ್ಷಗಳ ಸಹವಾಸದಿಂದ ಒಗ್ಗಿದ ನೆಲೆಗಳು. ಹಿಡಿಬಾಲದ ಹಾವುರಾಣಿಗೆ ಮನುಷ್ಯನ ಮನೆಯು ಇನ್ನೂ ಹೊರನಾಡೇ. ಅದಕ್ಕೆ ಆ ದ್ವೀಪದ ಮರವನ್ನೂ, ಮಂಜನ್ನೂ, ಬಳಗವನ್ನೂ ಒದಗಿಸಿಕೊಡಲು ಶಕ್ತನಾದವನು ಮಾತ್ರವೇ ಅದರ ಪಾಲಕನೆಂಬ ಹೆಸರಿಗೆ ಅರ್ಹನು. ಒದಗಿಸಲಾರದವನಿಗೆ ಅದರ ವಿಷಯವನ್ನು ಓದಿ ತಿಳಿಯುವುದೇ ಉಚಿತವಾದ ವಿನೋದ.