ಹಳಿಯ ಹಠ, ತಂತಿಯ ಸಲುಗೆ

1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಹೊರಟದ್ದು ಮುಂಬಯಿಯ ಕೊನೆಯ ಟ್ರಾಮ್. 1874ರಲ್ಲಿ ಕುದುರೆ ಎಳೆಯುವ ಗಾಡಿಯಾಗಿ ಶುರುವಾಗಿ, 1907ರಲ್ಲಿ ವಿದ್ಯುತ್ತಿಗೆ ಹೊರಳಿ, ತೊಂಬತ್ತು ವರ್ಷ ಆ ನಗರದ ಜನರನ್ನು ಹೊತ್ತು ತಿರುಗಿದ ಸಾರಿಗೆ ಅದು. ಅದು ನಿಲ್ಲುವ ಸುಮಾರು ಎರಡು ವರ್ಷ ಮೊದಲೇ, 1962ರ ಜೂನ್‌ನಲ್ಲಿ, ನಗರ ಸಾರಿಗೆಯ ಬೆಸ್ಟ್ ಸಂಸ್ಥೆ ಗೊವಾಲಿಯಾ ಟ್ಯಾಂಕ್ ಮತ್ತು ಮಜಗಾಂವ್ ನಡುವೆ ಮೇಲಿನ ತಂತಿಯ ಕರೆಂಟಿನಲ್ಲಿ ಓಡುವ ಟ್ರಾಲಿಬಸ್ ಇಳಿಸಿತ್ತು. ಹಳಿ ಬೇಡ, ಹೊಗೆಯಿಲ್ಲ, ಸದ್ದೂ ಕಡಿಮೆ. ಆದರೂ 1971ರ ಮಾರ್ಚ್‌ನಲ್ಲಿ ಅದೂ ನಿಂತುಹೋಯಿತು. ಟ್ರಾಮ್ ತೊಂಬತ್ತು ವರ್ಷ ಬಾಳಿದ ಊರಿನಲ್ಲಿ ಟ್ರಾಲಿಬಸ್ಸಿಗೆ ಒಂಬತ್ತೂ ತುಂಬಲಿಲ್ಲ.

ಇವೆರಡನ್ನು ಹೋಲಿಸಲು ಕೂತವರು ಸಾಮಾನ್ಯವಾಗಿ ಖರ್ಚು, ವೇಗ, ಸೀಟುಗಳ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕ ಬೇಕು, ನಿಜ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರಸ್ತೆಯ ಮೇಲಿನ ಹಕ್ಕಿನ ಪ್ರಶ್ನೆ.

ಹುಟ್ಟಿನಲ್ಲಿ ಎರಡೂ ಒಂದೇ ಮನೆಯ ಮಕ್ಕಳು. ವೆರ್ನರ್ ಫಾನ್ ಸೀಮೆನ್ಸ್ 1881ರಲ್ಲಿ ಬರ್ಲಿನ್ ಬಳಿಯ ಲಿಖ್ಟರ್‌ಫೆಲ್ಡೆಯಲ್ಲಿ ವಿದ್ಯುತ್ ಟ್ರಾಮ್ ಓಡಿಸಿದ. ಮರುವರ್ಷವೇ ಹಾಲೆನ್ಸೆಯಲ್ಲಿ ಹಳಿಯಿಲ್ಲದ ಗಾಡಿಯೊಂದನ್ನು ತಂತಿಯ ಆಸರೆಯಲ್ಲಿ ನಡೆಸಿ ತೋರಿಸಿದ. ದಾರಿ ಬೇರೆಯಾದದ್ದು ವಿದ್ಯುತ್ತು ಮರಳುವ ರೀತಿಯಲ್ಲಿ. ಟ್ರಾಮಿಗೆ ಮೇಲೊಂದು ತಂತಿ ಸಾಕು. ಅಲ್ಲಿಂದ ಇಳಿದ ಕರೆಂಟು ಮೋಟಾರು ತಿರುಗಿಸಿ, ಉಕ್ಕಿನ ಗಾಲಿಯ ಮೂಲಕ ಹಳಿ ಸೇರಿ ವಾಪಸಾಗುತ್ತದೆ. ಟ್ರಾಲಿಬಸ್ಸಿನ ರಬ್ಬರ್ ಟೈರು ಕರೆಂಟನ್ನು ನೆಲಕ್ಕೆ ಬಿಡುವುದಿಲ್ಲ. ಹಾಗಾಗಿ ಮೇಲೆ ಎರಡು ತಂತಿ, ಚಾವಣಿಯ ಮೇಲೆ ಎರಡು ಉದ್ದನೆಯ ಕೋಲು.

ಆ ಕೋಲಿನ ಅವಸ್ಥೆಯನ್ನು ಹತ್ತಿರದಿಂದ ನೋಡಬೇಕು. ತುದಿಯಲ್ಲಿ ಇಂಗಾಲದ ತುಂಡು ಕೂರಿಸಿದ ಹಿಡಿ ತಂತಿಯನ್ನು ಉಜ್ಜುತ್ತ ಸಾಗುತ್ತದೆ. ತಿರುವಿನಲ್ಲೋ ತಂತಿಗಳು ಕೂಡುವಲ್ಲೋ ಅದು ಜಾರಿದರೆ ಕೋಲು ಮೇಲಕ್ಕೆ ಚಿಮ್ಮಿ, ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ. ಹಳೆಯ ಬಸ್ಸುಗಳಲ್ಲಿ ಚಾಲಕ ಇಳಿದು ಹಿಂದಕ್ಕೆ ಹೋಗಿ, ಕೋಲಿಗೆ ಕಟ್ಟಿದ ಹಗ್ಗ ಜಗ್ಗಿ, ಕತ್ತೆತ್ತಿ ಗುರಿ ನೋಡುತ್ತ ಹಿಡಿಯನ್ನು ಮತ್ತೆ ತಂತಿಗೆ ಕೂರಿಸಬೇಕಿತ್ತು. ಅಷ್ಟು ಹೊತ್ತೂ ಬೆನ್ನ ಹಿಂದೆ ಹಾರ್ನುಗಳ ಗದ್ದಲ.

ಏರು ದಾರಿಯಲ್ಲಿ ಮಾತ್ರ ಟ್ರಾಲಿಬಸ್ಸಿಗೆ ಎದುರಿಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಹಗುರವಾಗಿ ಉರುಳುತ್ತದೆ, ಕರೆಂಟು ಉಳಿಸುತ್ತದೆ. ಆದರೆ ಕಡಿದಾದ ಏರಿನಲ್ಲಿ ಅದಕ್ಕೆ ಹಿಡಿತ ಸಾಲದು. ಟೈರಿಗೆ ಆ ತೊಂದರೆಯಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಟ್ರಾಲಿಬಸ್ಸುಗಳು ಶೇ 20ಕ್ಕೂ ಮೀರಿದ ಏರು ಹತ್ತುತ್ತವೆ. ಸಿಯಾಟಲ್ ಅವನ್ನು ಉಳಿಸಿಕೊಂಡಿರುವುದಕ್ಕೂ ದಿಬ್ಬಗಳೇ ದೊಡ್ಡ ಕಾರಣ.

ಟ್ರಾಮಿನ ಖರ್ಚು ಇರುವುದು ನೆಲದಡಿಯಲ್ಲಿ. ಹಳಿ ಹಾಸುವ ಮೊದಲು ಅದರಡಿಯ ನೀರಿನ ಪೈಪು, ಒಳಚರಂಡಿ, ಕೇಬಲ್ಲುಗಳನ್ನೆಲ್ಲ ಪಕ್ಕಕ್ಕೆ ಸರಿಸಬೇಕು. ಇಲ್ಲವಾದರೆ ಪೈಪು ಒಡೆದಾಗಲೆಲ್ಲ ಟ್ರಾಮ್ ನಿಲ್ಲಿಸಬೇಕಾಗುತ್ತದೆ. ಎಡಿನ್‌ಬರೊ ನಗರ ಈ ಕೆಲಸದಲ್ಲೇ ಸಿಕ್ಕಿಕೊಂಡು ಒದ್ದಾಡಿತು. ಮೊದಲ ಅಂದಾಜು 37.5 ಕೋಟಿ ಪೌಂಡ್. 2014ರಲ್ಲಿ ಟ್ರಾಮ್ ಓಡುವ ಹೊತ್ತಿಗೆ ಆದದ್ದು 77.6 ಕೋಟಿ, ಅದೂ ಯೋಜನೆಯನ್ನು ಮೊಟಕುಗೊಳಿಸಿದ ಮೇಲೆ.

ಇಷ್ಟಾದರೂ ಟ್ರಾಮಿನ ಪರ ಒಂದು ಮಾತು ಹೇಳಲೇಬೇಕು. ಒಮ್ಮೆ ಹಾಸಿದ ಹಳಿಯನ್ನು ಕೀಳುವುದು ಸುಲಭವಲ್ಲ. ತಂತಿಯನ್ನಾದರೋ ಕೆಲವೇ ದಿನಗಳಲ್ಲಿ ಬಿಚ್ಚಿ ಸುತ್ತಿಡಬಹುದು. ಒಂದು ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ಟ್ರಾಲಿಬಸ್ ಜಾಲವಿದ್ದ ಮಾಸ್ಕೊ 2020ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿ, ಬ್ಯಾಟರಿ ಬಸ್ಸುಗಳಿಗೆ ಹೊರಳಿತು. ಅದೇ ಮಾಸ್ಕೊ ತನ್ನ ಟ್ರಾಮುಗಳನ್ನು ಕೈಬಿಡಲಿಲ್ಲ. ನೂರಾರು ಹೊಸ ಟ್ರಾಮುಗಳನ್ನು ಕೊಂಡಿತು. ಎಲ್ಲ ವಾಹನಗಳ ನಡುವೆ ನುಸುಳಬಲ್ಲ ಗುಣವೇ ಟ್ರಾಲಿಬಸ್ಸಿಗೆ ಮುಳುವಾಯಿತು ಎಂದು ನನಗೆ ಅನ್ನಿಸುತ್ತದೆ. ತನ್ನದೆಂದು ಹೇಳಿಕೊಳ್ಳಲು ಅದಕ್ಕೆ ರಸ್ತೆಯಲ್ಲಿ ಒಂದು ಗೇಣು ಜಾಗವೂ ಇರಲಿಲ್ಲ.

ಹಾಗೆಂದು ಹಳಿ ಇದ್ದ ಮಾತ್ರಕ್ಕೆ ಟ್ರಾಮ್ ಉಳಿದೀತು ಎನ್ನಲೂ ಆಗದು. ಕೋಲ್ಕತ್ತದಲ್ಲಿ ಅನೇಕ ಕಡೆ ಹಳಿಗಳಿಗೆ ರಸ್ತೆಯ ನಡುವೆ ಹುಲ್ಲಿನ ಮೀಸಲು ಪಟ್ಟಿಯಿತ್ತು. ಅವುಗಳಿಗೆ ಕಾಂಕ್ರೀಟು ಸುರಿದು ಎಲ್ಲ ವಾಹನಗಳಿಗೂ ಬಿಟ್ಟುಕೊಟ್ಟ ಮೇಲೆ ಟ್ರಾಮು ಕಾರು, ಬಸ್ಸುಗಳ ಹಿಂದೆ ಸಿಕ್ಕಿಬಿತ್ತು. ಆಮೇಲೆ ‘ಟ್ರಾಮ್ ನಿಧಾನ, ದಾರಿಗೆ ಅಡ್ಡ’ ಎಂಬ ದೂರು. ಎಸ್ಪ್ಲನೇಡ್–ಮೈದಾನ ನಡುವಿನ ಪುಟ್ಟ ಮಾರ್ಗವೊಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸುವುದಾಗಿ ಪಶ್ಚಿಮ ಬಂಗಾಳ ಸರ್ಕಾರ 2024ರಲ್ಲಿ ಹೇಳಿತು. ಜಾಗ ಕಸಿದುಕೊಂಡು ನಿಧಾನವೆಂದು ದೂರುವುದು ಅನ್ಯಾಯ.

ಈ ಹೋಲಿಕೆಯನ್ನು ಈಗ ಬ್ಯಾಟರಿ ಬದಲಿಸುತ್ತಿದೆ. ದೊಡ್ಡ ಟ್ರಾಮ್ ಜಾಲವಿರುವ ಪ್ರಾಗ್ 1972ರಲ್ಲಿ ಟ್ರಾಲಿಬಸ್ ನಿಲ್ಲಿಸಿತ್ತು. 2017ರಲ್ಲಿ ಮತ್ತೆ ಪ್ರಯೋಗಕ್ಕಿಳಿದಾಗ ಅದು ಇಡೀ ದಾರಿಗೆ ತಂತಿ ಎಳೆಯಲಿಲ್ಲ; ಪ್ರೊಸೆಕ್ ಕಡೆಗಿನ ಏರಿಗೆ ಎಳೆಯಿತು. ಬಸ್ಸು ಏರು ಹತ್ತುತ್ತಲೇ ಬ್ಯಾಟರಿ ತುಂಬಿಕೊಂಡು ಉಳಿದ ದಾರಿಯನ್ನು ತಂತಿಯಿಲ್ಲದೆ ಕ್ರಮಿಸುತ್ತದೆ. ಚಾರ್ಜಿಂಗಿಗೆಂದು ಡಿಪೋದಲ್ಲಿ ಗಂಟೆಗಟ್ಟಲೆ ನಿಲ್ಲುವ ಕೆಲಸ ಕಡಿಮೆಯಾಗುತ್ತದೆ, ಭಾರದ ಬ್ಯಾಟರಿಯೂ ಬೇಕಿಲ್ಲ. 2024ರಲ್ಲಿ ಅಲ್ಲಿ ವಿಮಾನ ನಿಲ್ದಾಣದ ಮಾರ್ಗಕ್ಕೂ ಉದ್ದನೆಯ ಟ್ರಾಲಿಬಸ್ಸುಗಳು ಬಂದವು.

ನಮ್ಮಲ್ಲಿ ಇದಕ್ಕೆ ಹೊಂದುವ ಜಾಗ ಒಂದಿದೆ. ಹುಬ್ಬಳ್ಳಿ–ಧಾರವಾಡ ನಡುವೆ ‘ಚಿಗರಿ’ ಬಸ್ಸುಗಳು ಓಡುವ ಸುಮಾರು 22 ಕಿ.ಮೀ. ಮಾರ್ಗದ ಬಹುಭಾಗ ಬಸ್ಸಿಗೇ ಮೀಸಲು. ಆ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಿರಿ ಎಂಬ ಒತ್ತಾಯ ಆಗಾಗ ಏಳುತ್ತದೆ. ಅದಕ್ಕೆ ಮಣಿಯಬಾರದು. ಟ್ರಾಮಿಗಾಗಿ ಅಲ್ಲಿ ಮತ್ತೊಮ್ಮೆ ನೆಲ ಅಗೆಯುವುದೂ ಬೇಡ. ಮೀಸಲು ಪಥ ಇರುವಲ್ಲಿ ಅಷ್ಟಷ್ಟು ದೂರಕ್ಕೆ ಕಂಬ ನೆಟ್ಟು ತಂತಿ ಎಳೆದರೆ, ಊರೊಳಗೆ ಬ್ಯಾಟರಿಯ ಮೇಲೆ ಸಾಗುವ ಬಸ್ಸುಗಳು ಡೀಸೆಲ್ ಬಸ್ಸುಗಳ ಜಾಗಕ್ಕೆ ಬರಬಹುದು. ನಿಲ್ದಾಣಗಳಂತೂ ಆಗಲೇ ಕಟ್ಟಿ ಮುಗಿದಿವೆ.