ಮೀನಿಗೆ ಪ್ರವಾಹದ ಸಂದೇಶ

ಹೆತ್ತೂರಿನ ಕಾಫಿ ತೋಟವೊಂದರ ಕೆರೆಗೆ ನಾವು ಕಾಟ್ಲ, ರೋಹು ಮರಿಗಳನ್ನು ಬಿಟ್ಟೆವೆಂದುಕೊಳ್ಳೋಣ. ಅವು ಬೆಳೆಯುತ್ತವೆ; ಹೆಣ್ಣು ಮೀನಿನ ಹೊಟ್ಟೆಯಲ್ಲಿ ಮೊಟ್ಟೆಗಳೂ ತುಂಬುತ್ತವೆ. ಆದರೆ ನಿಂತ ನೀರಿನಲ್ಲಿ ಅವು ಮೊಟ್ಟೆಯಿಡುವುದಿಲ್ಲ. ಇದಕ್ಕೆ ಕಾರಣವೇನು?

ಈ ಮೀನುಗಳ ತವರು ಉತ್ತರ ಭಾರತದ ನದಿಗಳು. ಮುಂಗಾರಿನಲ್ಲಿ ಹೊಳೆಯುಕ್ಕಿ ಹರಿದಾಗ ಆ ಬದಲಾವಣೆಯನ್ನು ಮೀನಿನ ಮಿದುಳು ಗ್ರಹಿಸಿ, ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಆ ಗ್ರಂಥಿಯು ರಕ್ತಕ್ಕೆ ಸುರಿಸುವ ಹಾರ್ಮೋನುಗಳಿಂದ ಮೊಟ್ಟೆಗಳು ಪಕ್ವವಾಗಿ ಹೊರಬೀಳುತ್ತವೆ. ಕೆರೆಯಲ್ಲಿ ಪ್ರವಾಹದ ಸಂದೇಶವಿಲ್ಲ. ಹೊರಬೀಳದ ಮೊಟ್ಟೆಗಳು ದೇಹದಲ್ಲಿಯೇ ಕರಗಿಹೋಗುತ್ತವೆ.

ಹಿಂದೆ ಮರಿಗಳನ್ನು ನದಿಗಳಿಂದಲೇ ಬಲೆಹಾಕಿ ತರಬೇಕಾಗಿತ್ತು. ಅವುಗಳೊಡನೆ ಬೇಡವಾದ ಜಾತಿಗಳೂ ಬೆರೆತು ಬರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿಯವರು ಈ ತೊಡಕಿಗೆ ಪರಿಹಾರವನ್ನು ಕಂಡರು. ಬೇರೆ ಮೀನಿನ ಪಿಟ್ಯುಟರಿ ಗ್ರಂಥಿಯನ್ನು ಅರೆದು, ಅದರ ಸಾರವನ್ನು ಚುಚ್ಚಿ ಸಾಕುಮೀನುಗಳಿಂದ ಮೊಟ್ಟೆಯಿಡಿಸಿದರು. ಈ ವಿಧಾನದಲ್ಲಿ ಸಾಮಾನ್ಯವಾಗಿ ಹೆಣ್ಣಿಗೆ ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ, ಗಂಡಿಗೆ ಒಂದು ಸಲ ಚುಚ್ಚುಮದ್ದು ಕೊಡುತ್ತಾರೆ.

ಮುಂದೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓವಾಪ್ರಿಮ್ ಎಂಬ ಸಿದ್ಧ ಮದ್ದನ್ನು ಪರೀಕ್ಷಿಸಿದರು. ಒಂದೇ ಚುಚ್ಚುಮದ್ದು ಸಾಕಾಯಿತು. ಅದರಲ್ಲಿರುವ ಒಂದು ವಸ್ತು ಮೀನಿನ ಪಿಟ್ಯುಟರಿಯನ್ನೇ ಎಚ್ಚರಿಸುತ್ತದೆ. ಇನ್ನೊಂದು, ಆ ಗ್ರಂಥಿಯನ್ನು ತಡೆಹಿಡಿಯುವ ಡೋಪಮಿನ್ನಿನ ಹಿಡಿತವನ್ನು ಸಡಿಲಿಸುತ್ತದೆ.

ಹಾಗಾದರೆ ಎಲ್ಲ ಮೀನುಗಳಿಗೂ ಈ ಉಪಾಯ ಸಾಕೇ? ಹಾವುಮೀನಿನ ವಿಷಯದಲ್ಲಿ ಸಾಲದು. ಅದು ನದಿಯಲ್ಲಿ ಬೆಳೆದು, ದೂರದ ಸಾಗರಕ್ಕೆ ಹೋಗಿ ಮರಿಮಾಡುತ್ತದೆ. ಸಾಕುಕೊಳದಲ್ಲಿ ಅದರ ಅಂಡಾಶಯವು ಬಲಿಯುವುದೇ ಇಲ್ಲ. ಆದುದರಿಂದ ಹೆಣ್ಣಿಗೆ ಸಾಲ್ಮನ್ ಮೀನಿನ ಪಿಟ್ಯುಟರಿ ಸಾರವನ್ನು ವಾರಕ್ಕೊಮ್ಮೆಯಂತೆ ಅನೇಕ ವಾರ ಕೊಡಬೇಕಾಗುತ್ತದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಹೀಗೆ ಮರಿಗಳು ಹೊರಬಂದವು. ಆದರೆ ಆ ಎಳೆಮರಿಗಳಿಗೆ ತಕ್ಕ ಆಹಾರವನ್ನು ಕಂಡುಕೊಂಡು, ಸಾಕಿದ ತಲೆಮಾರಿನಿಂದ ಮುಂದಿನ ತಲೆಮಾರನ್ನು ಪಡೆಯುವಾಗ 2010 ಬಂದಿತು. ಇಂದಿಗೂ ಹಾವುಮೀನಿನ ಸಾಕಣೆಯು ಬಹುಮಟ್ಟಿಗೆ ಪ್ರಕೃತಿಯಿಂದ ಹಿಡಿದ ಮರಿಗಳನ್ನೇ ಅವಲಂಬಿಸಿದೆ.

ಪಶ್ಚಿಮಘಟ್ಟದ ನದಿಗಳಲ್ಲಿಯೂ ಹಾವುಮೀನುಗಳಿವೆ. ಹೆತ್ತೂರು–ಬಿಸಿಲೆ ಸೀಮೆಯ ಬೆಟ್ಟಗಳ ಮಳೆನೀರು ಒಂದೆಡೆ ಹೇಮಾವತಿಯ ಮೂಲಕ ಬಂಗಾಳ ಕೊಲ್ಲಿಗೂ, ಇನ್ನೊಂದೆಡೆ ಕುಮಾರಧಾರೆಯ ಮೂಲಕ ಅರಬ್ಬೀ ಸಮುದ್ರಕ್ಕೂ ಇಳಿಯುತ್ತದೆ. ಕಾಟ್ಲಕ್ಕೆ ತಪ್ಪಿದ ಪ್ರವಾಹದ ಸಂದೇಶವನ್ನು ನಾವು ಸೂಜಿಯಿಂದ ಕೊಡಬಲ್ಲೆವು. ಹಾವುಮೀನಿಗಾದರೋ ಕಡಲಿನವರೆಗೆ ತೆರೆದ ಹೊಳೆಯೇ ಬೇಕು.